ಗಾಡಿ ಹೊಳಪಿನ ಹುಚ್ಚು
ಜಮಖಂಡಿ ಕಡೆ ನಮ್ಮಂಥ ಅನೇಕರಿಗೆ ಗಾಡಿ ತೊಳೆಯೋ ಹುಚ್ಚು ಹತ್ತೋದು ಖಂಡೆ ಪೂಜೆಗೆ. ಟ್ರ್ಯಾಕ್ಟರ್, ಬೈಕ್, ಕಾರು ಎಲ್ಲಾ ತೊಳೆದು ಹಾರ ಹಾಕ್ತೀವಿ. ಮರುದಿನ ಬಿಸಿಲಲ್ಲಿ ನೋಡಿದರೆ ಪೇಂಟ್ ಮೇಲೆ ಜೇಡರ ಬಲೆಯಂಥ ಗೀರುಗಳು! ಇವು ಯಾಕೆ ಬಂದವು ಅಂತ ಕೇಳಿದಾಗಲೇ ಡಿಟೇಲಿಂಗ್ ಶುರು.

ಧೂಳಿನಲ್ಲಿರೋ ಕ್ವಾರ್ಟ್ಜ್ ಕಣದ ಗಡಸುತನ ಮೋಸ್ ಅಳತೆಯಲ್ಲಿ 7. ಪೇಂಟ್ ಮೇಲಿನ ಕ್ಲಿಯರ್ ಕೋಟ್ ಅದಕ್ಕಿಂತ ಬಹಳ ಮೆದು. ದಪ್ಪ ಸುಮಾರು 40-50 ಮೈಕ್ರಾನ್ ಅಷ್ಟೇ. ಒಣಬಟ್ಟೆಯಿಂದ ಒರೆಸಿದರೆ ಧೂಳೇ ಉಪ್ಪುಕಾಗದ ಆಗುತ್ತೆ.

ಹಾಗಾಗಿ ಮೊದಲು ನೀರು ಹಾಯಿಸಿ ಎರೆಮಣ್ಣು ನೆನೆಸೋಣ. ನೆರಳಲ್ಲಿ ಎರಡು ಬಕೆಟ್ ಇಡೋಣ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಪಾಲಿಶ್ ಹೊಡೆದರೆ ಗೀರು ಹೋಗುತ್ತೆ, ಆದರೆ ಕೋಟೂ ಸವೆಯುತ್ತೆ. ಸವೆದದ್ದು ಮತ್ತೆ ಬೆಳೆಯೋದಿಲ್ಲ.