ಕೊರೊನಾ ಕಾಲದ ರೈತ ನೆರವು ಮತ್ತು ಪಾರದರ್ಶಕತೆ: ಮುಖ್ಯಾಂಶಗಳು

ಕೇಂದ್ರ: ಪಿಎಂ-ಕಿಸಾನ್
• ಚಾಲನೆ: 2019ರ ಫೆಬ್ರುವರಿ 24, ಗೋರಖ್‌ಪುರ. 2018ರ ಡಿಸೆಂಬರ್ 1ರಿಂದಲೇ ಅನ್ವಯ.
• ವರ್ಷಕ್ಕೆ ₹6,000. ತಲಾ ₹2,000ದಂತೆ ಮೂರು ಕಂತು. ಪೂರ್ಣ ವೆಚ್ಚ ಕೇಂದ್ರದ್ದು.
• ಮೊದಲು 2 ಹೆಕ್ಟೇರ್‌ವರೆಗಿನ ಹಿಡುವಳಿದಾರರಿಗೆ ಮಾತ್ರ. 2019ರ ಜೂನ್‌ನಲ್ಲಿ ಮಿತಿ ತೆರವು.
• 2020ರ ಮಾರ್ಚ್ 26: ₹1.70 ಲಕ್ಷ ಕೋಟಿಯ ಗರೀಬ್ ಕಲ್ಯಾಣ ಪ್ಯಾಕೇಜ್. ಇದರಡಿ 8.7 ಕೋಟಿ ರೈತರಿಗೆ ಏಪ್ರಿಲ್‌ನಲ್ಲಿ ₹2,000 ಎಂದು ಘೋಷಣೆ. ಗಮನಿಸಿ: ಇದು ಹೊಸ ನೆರವಲ್ಲ, ಬರಬೇಕಿದ್ದ ಕಂತನ್ನೇ ಮುಂಚಿತವಾಗಿ ಕೊಟ್ಟದ್ದು.
• ಅನರ್ಹರು: ಆದಾಯ ತೆರಿಗೆ ಪಾವತಿದಾರರು, ಸರ್ಕಾರಿ ನೌಕರರು ('ಡಿ' ಗುಂಪು ಹೊರತು), ವೃತ್ತಿನಿರತ ವೈದ್ಯರು, ವಕೀಲರು ಮೊದಲಾದವರು.

ಕರ್ನಾಟಕ
• 2020ರ ಮೇ 6: ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರಿಂದ ₹1,610 ಕೋಟಿ ಪ್ಯಾಕೇಜ್. ಹೂ ಬೆಳೆಗಾರರಿಗೆ ಹೆಕ್ಟೇರ್‌ಗೆ ₹25,000, ಗರಿಷ್ಠ 1 ಹೆಕ್ಟೇರ್.
• ಅದೇ ತಿಂಗಳು ಹಣ್ಣು-ತರಕಾರಿ ಬೆಳೆಗಾರರಿಗೆ ಹೆಕ್ಟೇರ್‌ಗೆ ₹15,000; ಮೆಕ್ಕೆಜೋಳ ಬೆಳೆದವರಿಗೆ ತಲಾ ₹5,000.
• 2021ರ ಮೇ 19: ಎರಡನೇ ಅಲೆಯಲ್ಲಿ ₹1,250 ಕೋಟಿ ಪ್ಯಾಕೇಜ್, ಹೂ, ಹಣ್ಣು, ತರಕಾರಿಗೆ ಹೆಕ್ಟೇರ್‌ಗೆ ₹10,000.
• ಭೂದಾಖಲೆಯ ಮಿತಿ: ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೆಯದರಲ್ಲಿ ಸಾಗುವಳಿದಾರ ಮತ್ತು ಬೆಳೆ. ಬಾಯಿಮಾತಿನ ಗುತ್ತಿಗೆಯಲ್ಲಿ ಉಳುವವರ ಹೆಸರು ಎರಡರಲ್ಲೂ ಇರುವುದಿಲ್ಲ.

ತೆಲಂಗಾಣ: ರೈತು ಬಂಧು
• 2018ರ ಮೇ 10ರಂದು ಹುಜೂರಾಬಾದ್‌ನಲ್ಲಿ ಆರಂಭ. ಹಂಗಾಮಿಗೆ ಎಕರೆಗೆ ₹4,000, ನಂತರ ₹5,000. ಕೊರೊನಾ ಕಾಲದಲ್ಲೂ ಮುಂದುವರಿಕೆ.
• ಜಮೀನಿಗೆ ಮಿತಿ ಇರಲಿಲ್ಲ. ಹೈದರಾಬಾದ್‌ನ ಬೇಗಂ ಬಜಾರ್‌ನಲ್ಲಿ ಸಗಟು ಅಂಗಡಿ ನಡೆಸುವವರ ಹೆಸರಲ್ಲಿ ಊರಿನ ಪಟ್ಟಾ ಪಾಸ್‌ಪುಸ್ತಕ ಇದ್ದರೂ ಹಣ ಸಲ್ಲುತ್ತಿತ್ತು. ಆ ಹೊಲವನ್ನೇ ಗೇಣಿಗೆ ಉತ್ತವರಿಗೆ ಸಿಗುತ್ತಿರಲಿಲ್ಲ.

ಅನರ್ಹರಿಗೆ ಹಣ ಸಂದದ್ದು ಬಯಲಾದದ್ದು ಹೇಗೆ?
• ಮಾಹಿತಿ ಹಕ್ಕಿನ ಅರ್ಜಿಗೆ ಬಂದ ಉತ್ತರ (2021ರ ಜನವರಿಯಲ್ಲಿ ಬಹಿರಂಗ): ಪಿಎಂ-ಕಿಸಾನ್‌ನಲ್ಲಿ 20.48 ಲಕ್ಷ ಅನರ್ಹರಿಗೆ ₹1,364 ಕೋಟಿ ಪಾವತಿ. ಅರ್ಧಕ್ಕಿಂತ ಹೆಚ್ಚು ಮಂದಿ ಆದಾಯ ತೆರಿಗೆ ಕಟ್ಟುವವರು.
• 2021ರ ಜುಲೈ: 42 ಲಕ್ಷಕ್ಕೂ ಹೆಚ್ಚು ಅನರ್ಹರಿಂದ ಸುಮಾರು ₹2,992 ಕೋಟಿ ವಸೂಲಾಗಬೇಕಿದೆ ಎಂದು ಲೋಕಸಭೆಗೆ ಸರ್ಕಾರದ ಉತ್ತರ.
• ತಮಿಳುನಾಡು, 2020: ಸುಮಾರು 5.5 ಲಕ್ಷ ಅನರ್ಹರ ನೋಂದಣಿ, ₹110 ಕೋಟಿ ಅಕ್ರಮ.

ಕಾನೂನು
• ಮಾಹಿತಿ ಹಕ್ಕು ಕಾಯ್ದೆ 2005, ಕಲಂ 4(1)(ಬಿ)(xii): ಸಹಾಯಧನದ ಮೊತ್ತ, ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು.
• ಕಲಂ 8(1)(ಜೆ): ವೈಯಕ್ತಿಕ ಮಾಹಿತಿಗೆ ವಿನಾಯಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಂ 44(3) ಇಲ್ಲಿನ 'ಸಾರ್ವಜನಿಕ ಹಿತ'ದ ಷರತ್ತನ್ನು ತೆಗೆದಿದೆ. ಸಾರ್ವಜನಿಕ ಹಿತವೇ ಮಿಗಿಲಾದರೆ ಮಾಹಿತಿ ಕೊಡಬಹುದು ಎನ್ನುವ ಕಲಂ 8(2) ಉಳಿದಿದೆ.
• ಹೋಲಿಕೆಗೆ: 2010ರ ನವೆಂಬರ್ 9ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು ಕೃಷಿ ನೆರವು ಪಡೆದ ವ್ಯಕ್ತಿಗಳೆಲ್ಲರ ಹೆಸರು ಪ್ರಕಟಿಸುವ ನಿಯಮವನ್ನು ಅಸಿಂಧುಗೊಳಿಸಿತು.

ಪರೀಕ್ಷೆಯ ಉತ್ತರದ ಕೊನೆಗೆ ಬರೆಯಬಹುದಾದ ನಿಲುವು
ನೇರ ನಗದು ವರ್ಗಾವಣೆ ಮಧ್ಯವರ್ತಿಯನ್ನು ತಪ್ಪಿಸುತ್ತದೆಯೇ ಹೊರತು ತಪ್ಪು ಹೆಸರನ್ನಲ್ಲ. ಖಾತೆ ಸಂಖ್ಯೆ, ಆಧಾರ್ ಗೋಪ್ಯವಾಗಿರಲಿ. ಹೆಸರು, ಊರು, ಮೊತ್ತ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿರಲಿ. ಯಾರದು ಯಾವ ಹೊಲ ಎಂದು ಬಲ್ಲ ಊರಿನವರೇ ಆ ಪಟ್ಟಿಯ ಮೊದಲ ಲೆಕ್ಕ ಪರಿಶೋಧಕರು.