ಜವಾರಿ ಕೋಳಿಯ ಲಕ್ಷಣಗಳನ್ನು ಪರೀಕ್ಷಿಸುವ ಪಾಠ

ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿ ಸೀಮೆಯ ಹಳ್ಳಿಗಳಲ್ಲಿ ಅಂಗಳದ ಜವಾರಿ ಕೋಳಿಯು ಬಡವರಿಗೆ ಕೈಗಂಟಿನಂತಿರುವದು. ಮಗುವಿನ ಔಷಧಕ್ಕಾಗಲಿ ಶಾಲೆಯ ಪುಸ್ತಕಕ್ಕಾಗಲಿ ಹಣ ಬೇಕಾದಾಗ ಮನೆಯೊಡತಿಯು ಒಂದು ಕೋಳಿಯನ್ನು ಸಂತೆಗೆ ಒಯ್ಯುವಳು. ಆದರೆ ಯಾವದನ್ನು ಒಯ್ಯಬೇಕು, ಯಾವದನ್ನು ಉಳಿಸಬೇಕು ಎಂಬದರಲ್ಲಿ ನಾವು ಬಹಳ ಸಾರಿ ತಪ್ಪುತ್ತೇವೆ. ಗರಿ ಸವೆದು ಕೊಕ್ಕು ಬಿಳಿಚಿದ ಹೇಂಟೆಯನ್ನು ಮುದಿಯೆಂದು ಮಾರಿ, ಮಿರುಗುವ ಹೇಂಟೆಯನ್ನು ಇಟ್ಟುಕೊಳ್ಳುತ್ತೇವೆ. ಹೀಗೆ ತತ್ತಿಯಿಡುವದು ಹೋಗಿ ಕಾಳು ತಿನ್ನುವದು ಮಾತ್ರ ಉಳಿಯುವದು. ಆದದರಿಂದ ಕೋಳಿಯ ಲಕ್ಷಣಗಳನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

ಕೆಲವು ತಳಿಗಳಿಗೆ ನೇಮಿತವಾದ ರೂಪ ಉಂಟು. ಅಸೀಲ ಕೋಳಿಗೆ ಉದ್ದವಾದ ಕುತ್ತಿಗೆ, ನೆಟ್ಟಗಿನ ನಿಲುವು, ತಲೆಗೆ ಒತ್ತಿಕೊಂಡ ಸಣ್ಣ ಜುಟ್ಟು ಇರಬೇಕು. ಮಧ್ಯಪ್ರದೇಶದ ಝಾಬುವಾ ಸೀಮೆಯ ಕಡಕನಾಥಕ್ಕೆ ತೊಗಲೂ ಜುಟ್ಟೂ ಮಾಂಸವೂ ಕಪ್ಪಾಗಿರಬೇಕು. ನಮ್ಮ ಜವಾರಿ ಕೋಳಿಯಾದರೋ ಕೆಂಪು, ಕಪ್ಪು, ಚುಕ್ಕೆ ಎಂಬ ನಾನಾ ಬಣ್ಣಗಳಲ್ಲಿ ಹುಟ್ಟುವದು. ಕೆಲವಕ್ಕೆ ಕುತ್ತಿಗೆಯ ಮೇಲೆ ಗರಿಯೇ ಇರದು. ಆದಕಾರಣ ಬಣ್ಣವು ಇದಕ್ಕೆ ಅಳತೆಯಲ್ಲ. ಇದರ ಕೆಲಸವೇ ಅಳತೆ. ತನ್ನ ಮೇವನ್ನು ತಾನೇ ಹುಡುಕುವದು, ಗಿಡುಗನಿಂದ ತಪ್ಪಿಸಿಕೊಳ್ಳುವದು, ೨೧ ದಿನ ಕಾವು ಕೂತು ಮರಿ ಮಾಡಿ ಸಾಕುವದು, ಈ ಮೂರೂ ಅದರಲ್ಲಿರಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ಗಿರಿರಾಜ ಕೋಳಿಯು ತೂಕದಲ್ಲಿಯೂ ತತ್ತಿಯ ಲೆಕ್ಕದಲ್ಲಿಯೂ ಮುಂದಿದ್ದರೂ ಕಾವು ಕೂಡ್ರುವದಿಲ್ಲ. ತೂಕವನ್ನೇ ನೋಡಿ ಬೆರಕೆ ಮಾಡುವವನು ಈ ಗುಣವನ್ನು ಕಳಕೊಂಡಾನು.

೧. ನಿಲುವು. ಮುಂಜಾನೆ ಗೂಡು ತೆರೆದಾಗ ದೂರದಿಂದ ನೋಡಿರಿ. ಒಳ್ಳೇ ಕೋಳಿಯು ಮೊದಲು ಹೊರಗೆ ಬಂದು ಕೆದರಲಿಕ್ಕೆ ತೊಡಗುವದು. ಬೆನ್ನು ನೆಟ್ಟಗೂ ಕಾಲುಗಳು ಒಂದಕ್ಕೊಂದು ತಗಲದೆ ದೂರವೂ ಇರಬೇಕು. ಕತ್ತರಿಯಂತೆ ಅಡ್ಡವಾದ ಕೊಕ್ಕು, ಸೊಟ್ಟಾದ ಎದೆಯೆಲುಬು, ವಕ್ರವಾದ ಬೆರಳು ಇವು ದೋಷಗಳು.

೨. ತಲೆ. ಕಣ್ಣು ಉಬ್ಬಿ ಹೊಳೆಯಬೇಕು. ತತ್ತಿಯಿಡುವ ಹೇಂಟೆಯ ಜುಟ್ಟು ಕೆಂಪಾಗಿಯೂ ಮೆತ್ತಗೂ ಇರುವದು. ಕಾವು ಕೂಡ್ರುವಾಗಲೂ ಗರಿ ಉದುರುವಾಗಲೂ ಅದು ಸಣ್ಣದಾಗಿ ಬಿಳಿಚುವದು. ಆಗ ದೋಷವೆಂದು ತೀರ್ಪು ಮಾಡಬಾರದು.

೩. ಎಲುಬು. ಹೇಂಟೆಯನ್ನು ಮೆಲ್ಲಗೆ ಹಿಡಿದು, ತತ್ತಿ ಬರುವ ದ್ವಾರದ ಎರಡು ಬದಿಗೆ ಕೈಗೆ ಸಿಗುವ ಎಲುಬಿನ ತುದಿಗಳನ್ನು ಮುಟ್ಟಿ ನೋಡಿರಿ. ನಡುವೆ ಎರಡು ಬೆರಳು ಹಿಡಿದರೆ ತತ್ತಿಯಿಡುತ್ತಲಿದೆ. ಒಂದೇ ಬೆರಳು ಹಿಡಿದರೆ ಆಗ ಇಡುತ್ತಿಲ್ಲ.

೪. ಹಳದಿ ಬಣ್ಣ. ಇಲ್ಲಿಯೇ ಹೆಚ್ಚಾಗಿ ಮೋಸಹೋಗುವದು. ಹಸುರು ಸೊಪ್ಪು, ಗೋವಿನಜೋಳಗಳಿಂದ ಬರುವ ಹಳದಿಯು ಹೇಂಟೆಯ ಕಾಲಿಗೂ ಕೊಕ್ಕಿಗೂ ಏರುವದು. ತತ್ತಿಯಿಡಲಾರಂಭಿಸಿದ ಮೇಲೆ ಅದು ತತ್ತಿಯೊಳಗಿನ ಹಳದಿ ಭಾಗಕ್ಕೆ ಹೋಗುವದು. ಮೊದಲು ದ್ವಾರದ ಸುತ್ತಲೂ, ತರುವಾಯ ಕಣ್ಣಂಚೂ, ಆಮೇಲೆ ಕೊಕ್ಕಿನ ಬುಡವೂ, ಕಡೆಗೆ ಕಾಲೂ ಬಿಳಿಚುವವು. ಜವಾರಿ ಹೇಂಟೆಯು ಕೆಲವು ವಾರ ತತ್ತಿಯಿಟ್ಟು ಕಾವು ಕೂಡ್ರುವದರಿಂದ ಅದರ ಕಾಲು ಪೂರ್ತಿ ಬಿಳಿಚುವದು ವಿರಳ; ಆದದರಿಂದ ಕೊಕ್ಕಿನ ಬುಡವನ್ನು ನೋಡಿರಿ. ಜುಟ್ಟು ಕೆಂಪಾಗಿದ್ದು ಕೊಕ್ಕು ಬಿಳಿಚಿದ್ದರೆ ಅದು ದುಡಿಯುವ ಹೇಂಟೆ. ಹುಟ್ಟಿನಿಂದಲೇ ಕಪ್ಪು ಇಲ್ಲವೆ ಬಿಳೀ ಕಾಲುಳ್ಳ ಕೋಳಿಗೆ ಈ ಗುರುತು ಸಲ್ಲದು.

ಈ ಹಳದಿಯ ಮೂಲವು ನಮಗೆ ದೂರವಲ್ಲ. ಊರಕೋಳಿಯ ಮೂಲಪಿತೃವು ಕೆಂಪು ಕಾಡುಕೋಳಿ. ಅದರ ಕಾಲು ಬೂದು ಬಣ್ಣದ್ದು. ಹಳದಿ ತೊಗಲಿನ ಗುಣವಾದರೋ ಬೂದು ಕಾಡುಕೋಳಿಯಿಂದ ಬೆರೆತದ್ದೆಂದು ೨೦೦೮ರಲ್ಲಿ ಪಂಡಿತರು ಪ್ರಕಟಿಸಿದರು. ಜೋಯಿಡಾ, ದಾಂಡೇಲಿಯ ಅಡವಿಗಳಲ್ಲಿ ಬೆಳಿಗ್ಗೆ ಕೂಗುವದು ಆ ಬೂದು ಕಾಡುಕೋಳಿಯೇ. ಆದರೂ ಅದನ್ನು ಹಿಡಿಯುವದಕ್ಕೂ ಕೊಲ್ಲುವದಕ್ಕೂ ೧೯೭೨ರ ವನ್ಯಜೀವಿ ಕಾನೂನಿನ ನಿಷೇಧವಿದೆ.

೫. ಹುಂಜ. ಎಲ್ಲಕ್ಕಿಂತ ತೂಕವಾದ ಹುಂಜವನ್ನು ಹಬ್ಬಕ್ಕೆ ಮಾರಿ, ಬಡಕಲು ಹುಂಜವನ್ನು ಮಂದೆಗೆ ಬಿಡುವದು ಬೀಜದ ಭತ್ತವನ್ನು ಉಂಡು ಜೊಳ್ಳನ್ನು ಬಿತ್ತಿದ ಹಾಗೆ. ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಅದು ಚೆನ್ನಾಗಿ ಮರಿ ಸಾಕಿದ ತಾಯಿಯ ಮಗನಾಗಿರಲಿ. ಅದರ ಮರಿಗಳು ದೊಡ್ಡವಾಗುವ ಮುಂಚೆ ಬೇರೆ ಊರಿನವರೊಂದಿಗೆ ಹುಂಜವನ್ನು ಬದಲುಮಾಡಿಕೊಳ್ಳಿರಿ. ಯಾಕಂದರೆ ತಂದೆಮಕ್ಕಳು ಕೂಡಿದರೆ ಸಂತತಿಯು ಕ್ಷೀಣವಾಗುವದು.

ಮುಂದಿನ ಸಂತೆಗೆ ಹೊರಡುವ ಮುಂಚೆ ಕೋಳಿಯನ್ನು ಕೈಯಲ್ಲಿ ಹಿಡಿದು ಈ ಐದನ್ನೂ ನೋಡಿರಿ. ಕಣ್ಣಿಗೆ ಅಂದವಾದದ್ದನ್ನು ಮಾರಿದರೂ ನಷ್ಟವಿಲ್ಲ. ದುಡಿಯುವದನ್ನು ಮಾರಿದರೆ ಬರುವ ವರ್ಷದ ಮರಿಗಳನ್ನೂ ಮಾರಿದ ಹಾಗಾಗುವದು.

ಪ್ರಶ್ನೆಗಳು: ಜವಾರಿ ಕೋಳಿಗೆ ಬಣ್ಣವು ಯಾಕೆ ಅಳತೆಯಲ್ಲ? ಕೊಕ್ಕು ಬಿಳಿಚಿದ ಹೇಂಟೆಯನ್ನು ಮಾರುವ ಮುಂಚೆ ಮತ್ತೇನನ್ನು ನೋಡಬೇಕು? ನಿಮ್ಮ ಮಂದೆಯ ಹುಂಜದ ತಾಯಿ ಯಾವದು?