ಹತ್ತು ವರ್ಷದ ಪಟ್ಟಿ



ನಿನ್ನ ಷೇರು ಆ್ಯಪ್‌ನಿಂದ ಕಳಿಸಿದ ಸ್ಕ್ರೀನ್‌ಶಾಟ್ ತಲುಪಿತು. 2025ರ ಮಾರ್ಚ್ ಕೊನೆಯ ಬೆಲೆಗೆ ಸ್ಟೇಟ್ ಬ್ಯಾಂಕ್ ಷೇರಿನ ಪಿ/ಇ, ಅಂದರೆ ಬೆಲೆ ಷೇರುವಾರು ಗಳಿಕೆಯ ಎಷ್ಟು ಪಟ್ಟು ಅನ್ನುವುದು, 9.7 ಅಂತ ಹಸಿರು ಅಕ್ಷರದಲ್ಲಿದೆ. ಕೆಳಗೆ ನಿನ್ನ ಪ್ರಶ್ನೆ: "ನಿಫ್ಟಿಯ ಪಿ/ಇ ಇಪ್ಪತ್ತರ ಮೇಲಿದೆ, ಇದು ಹತ್ತಕ್ಕಿಂತ ಕಡಿಮೆ. ಕಣ್ಣು ಮುಚ್ಚಿ ತಗೊಳ್ಳಲಾ ದೊಡ್ಡಪ್ಪ?" ಇದಕ್ಕೆ ಬೇಕಾದಷ್ಟು ಉದ್ದದ ಉತ್ತರವನ್ನು ಫೋನಿನಲ್ಲಿ ಒತ್ತಲು ಈ ಮುದುಕನ ಹೆಬ್ಬೆರಳಿಗೆ ಆಗುವುದಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಕಡೆ ಅಡಿಕೆ ತೋಟ ಮಾರಾಟಕ್ಕೆ ಬಂದರೆ ಏನಾಗುತ್ತದೆ, ನೀನೇ ನೋಡಿದ್ದೀಯ. ಮಾರುವವನು ಜೇಬಿನಿಂದ ಮಂಡಿಯ ಪಟ್ಟಿ ತೆಗೆಯುತ್ತಾನೆ. ಅದು ಯಾವಾಗಲೂ ಫಸಲೂ ಬಂದು ಧಾರಣೆಯೂ ಏರಿದ ವರ್ಷದ್ದೇ. ಕೊಳ್ಳಲು ಬಂದ ಹಿರಿಯ ಅದನ್ನು ಮಡಿಚಿ ವಾಪಸ್ ಕೊಟ್ಟು ಕೇಳುತ್ತಾನೆ: "ಕೊಳೆರೋಗ ಬಂದ ವರ್ಷದ್ದು ಎಲ್ಲಿದೆ?" ಹತ್ತು ವರ್ಷದ ಪಟ್ಟಿ ಜಗಲಿಯ ಮೇಲೆ ಹರವಿದ ಮೇಲೆಯೇ ಮಾತು ಶುರು. ಅಲ್ಲೂ ಇನ್ನೊಂದು ಲೆಕ್ಕವಿದೆ. ಹತ್ತು ವರ್ಷದ ಹಿಂದಿನ ಒಂದು ಲಕ್ಷವನ್ನು ಈಗಿನ ಒಂದು ಲಕ್ಷಕ್ಕೆ ಹಾಗೇ ಕೂಡಿಸುವುದಿಲ್ಲ. ಆಗ ಆಳಿನ ಕೂಲಿ ಎಷ್ಟಿತ್ತು, ಮೈಲುತುತ್ತ ಎಷ್ಟಿತ್ತು ಅಂತ ನೋಡಿ ಆ ಹಣವನ್ನು ಈಗಿನ ದುಡ್ಡಿಗೆ ತಂದುಕೊಂಡೇ ಕೂಡಿಸುತ್ತಾರೆ.

ಇಷ್ಟನ್ನೇ ಅಮೆರಿಕದಲ್ಲಿದ್ದ ಇಬ್ಬರು ಅರ್ಥಶಾಸ್ತ್ರಜ್ಞರು 1988ರಲ್ಲಿ ಷೇರುಪೇಟೆಗೆ ಮಾಡಿ ತೋರಿಸಿದರು. ಜಾನ್ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಶಿಲ್ಲರ್ ಹಲವಾರು ವರ್ಷಗಳ ಲಾಭವನ್ನು ಹಣದುಬ್ಬರಕ್ಕೆ ಸರಿಹೊಂದಿಸಿ ಸರಾಸರಿ ತೆಗೆದರು, ಬೆಲೆಯನ್ನು ಅದರಿಂದ ಭಾಗಿಸಿದರು. ಹತ್ತು ವರ್ಷದ ಸರಾಸರಿಯೇ ಮುಂದೆ ರೂಢಿಯಾಯಿತು. ಅದಕ್ಕೆ ಈಗಿನ ಹೆಸರು ಕೇಪ್. ಬೀಜ ಇನ್ನೂ ಹಳೆಯದು. 1929ರ ಕುಸಿತದ ಬೂದಿ ಆರುವ ಮುನ್ನ, 1934ರಲ್ಲಿ, ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ ತಮ್ಮ 'ಸೆಕ್ಯೂರಿಟಿ ಅನಾಲಿಸಿಸ್' ಪುಸ್ತಕದಲ್ಲಿ ಒಂದೇ ವರ್ಷದ ಲಾಭ ನಂಬಬೇಡಿ, ಕನಿಷ್ಠ ಐದು, ಸಾಧ್ಯವಾದರೆ ಏಳು ಅಥವಾ ಹತ್ತು ವರ್ಷದ್ದು ನೋಡಿ ಎಂದಿದ್ದರು. ಶಿಲ್ಲರ್‌ಗೆ 2013ರಲ್ಲಿ ನೊಬೆಲ್ ಬಂತು. ನಮ್ಮೂರಿನಲ್ಲಿ ತೋಟ ಕೊಳ್ಳುವ ಹಿರಿಯರಿಗೆ ಬರಲಿಲ್ಲ, ಇರಲಿ.

ಇಡೀ ಪೇಟೆಗೆ ಮಾಡಿದ ಲೆಕ್ಕವನ್ನು ಒಂದೇ ಬ್ಯಾಂಕಿನ ಷೇರಿಗೆ ಹಚ್ಚಬಹುದೇ? ಹಚ್ಚಬಹುದು, ಹಚ್ಚಲೇಬೇಕು ಎನ್ನುತ್ತಾನೆ ನಿನ್ನ ದೊಡ್ಡಪ್ಪ. ಸೋಪು ಮಾರುವ ಕಂಪನಿಗೆ ಸೋಪು ಮಾರಿದ ದಿನವೇ ಲಾಭ ಗೊತ್ತಾಗುತ್ತದೆ. ಬ್ಯಾಂಕು ಸಾಲ ಕೊಟ್ಟ ವರ್ಷದಿಂದಲೇ ಬಡ್ಡಿಯನ್ನು ಆದಾಯ ಅಂತ ಬರೆದುಕೊಳ್ಳುತ್ತದೆ. ಆ ಸಾಲ ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದು ನಾಲ್ಕಾರು ವರ್ಷ ಕಳೆದ ಮೇಲೆ. ಕಂತು 90 ದಿನ ಮೀರಿ ಬಾಕಿ ಉಳಿದರೆ ಆ ಸಾಲ ಎನ್‌ಪಿಎ, ಎಂದರೆ ಕೆಟ್ಟ ಸಾಲ, ಅನ್ನುವ ನಿಯಮ ಇದೆ. ಆ 90ನೇ ದಿನವನ್ನು ಮುಂದಕ್ಕೆ ತಳ್ಳುವ ಉಪಾಯಗಳೂ ಇವೆ.

ಒಂದು ಮಾರ್ಚ್ 31ರ ಸಂಜೆ. ಊರು, ಬ್ಯಾಂಕು ಯಾವುದೆಂದು ಕೇಳಬೇಡ. ರೈಸ್‌ಮಿಲ್ಲಿನ ಮಾಲೀಕರೊಬ್ಬರು ಮ್ಯಾನೇಜರ್ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಅವರ ಹಳೆ ಸಾಲದ ಬಡ್ಡಿ ಬಾಕಿ ಎಷ್ಟಿತ್ತೋ ಸರಿಯಾಗಿ ಅಷ್ಟೇ ಮೊತ್ತದ ಹೊಸ ಸಾಲ ಅವತ್ತು ಮಂಜೂರಾಯಿತು. ಒಂದು ಡೆಬಿಟ್ ವೋಚರ್, ಒಂದು ಕ್ರೆಡಿಟ್ ವೋಚರ್. ಕ್ಯಾಷ್ ಕೌಂಟರಿನಿಂದ ಒಂದು ನೋಟೂ ಆಚೆ ಹೋಗಲಿಲ್ಲ, ಒಳಗೂ ಬರಲಿಲ್ಲ. ಆದರೆ ಶಾಖೆಯ ಲಾಭ ಆ ವರ್ಷ ಅಷ್ಟು ಏರಿತು, ಸುಸ್ತಿದಾರರ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾಯಿತು. ಆ ಎರಡೂ ವೋಚರ್ ಬರೆದ ಗುಮಾಸ್ತ ಇದೇ ನಿನ್ನ ದೊಡ್ಡಪ್ಪ. ಮೂರು ವರ್ಷದ ಮೇಲೆ ಮಿಲ್ಲಿನ ಬಾಗಿಲಿಗೆ ಬೀಗ ಬಿತ್ತು. ಹಳೆಯದೂ ಹೊಸದೂ ಸೇರಿ ಒಂದೇ ಏಟಿಗೆ ನಷ್ಟದ ಖಾತೆಗೆ ಹೋಯಿತು. ಲಾಭ ಬರೆದದ್ದು ಒಂದು ವರ್ಷದ ಪುಸ್ತಕದಲ್ಲಿ, ನಷ್ಟ ಬರೆದದ್ದು ಇನ್ನೊಂದು ವರ್ಷದ ಪುಸ್ತಕದಲ್ಲಿ. ಎರಡನ್ನೂ ಒಟ್ಟಿಗೆ ಹಿಡಿಯುವಷ್ಟು ಉದ್ದದ ಲೆಕ್ಕ ಬೇಕು ಅನ್ನುವುದು ಅದಕ್ಕೇ.

ಈಗ ಸ್ಟೇಟ್ ಬ್ಯಾಂಕಿಗೆ ಬಾ. 2015ರ ಕೊನೆಯಲ್ಲಿ, ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ, ರಿಸರ್ವ್ ಬ್ಯಾಂಕ್ ಬ್ಯಾಂಕುಗಳ ಸಾಲದ ಪುಸ್ತಕ ತೆಗೆಸಿ ಕೂತಿತು. ಉಕ್ಕು, ವಿದ್ಯುತ್, ರಸ್ತೆ ಕಂಪನಿಗಳಿಗೆ ಹಿಂದಿನ ದಶಕದಲ್ಲಿ ಸುರಿದಿದ್ದ ಸಾಲಗಳ ಗಂಟು ಬಿಚ್ಚಿತು. 2018ರ ಮಾರ್ಚ್ ವೇಳೆಗೆ ಸ್ಟೇಟ್ ಬ್ಯಾಂಕಿನ ಒಟ್ಟು ಎನ್‌ಪಿಎ ಶೇ 10.91. ಆ ವರ್ಷ ಅದರ ನಿರ್ವಹಣಾ ಲಾಭ ₹59,511 ಕೋಟಿ. ಎಂದರೆ ಬಡ್ಡಿ, ಕಮಿಷನ್ ಎಲ್ಲ ಬಂದು, ಸಂಬಳ, ಬಾಡಿಗೆ ಕಳೆದು ಉಳಿದದ್ದು. ವಸೂಲಾಗದ ಸಾಲಕ್ಕೆ ಎತ್ತಿಟ್ಟ ಹಣ ಅದನ್ನೂ ನುಂಗಿತು. ಕೊನೆಯ ಸಾಲಿನಲ್ಲಿ ₹6,547 ಕೋಟಿ ನಷ್ಟ.

ಆಗ ನಿನ್ನ ಆ್ಯಪ್ ಪಿ/ಇ ಜಾಗದಲ್ಲಿ ಒಂದು ಅಡ್ಡಗೆರೆ ತೋರಿಸುತ್ತಿತ್ತು. ನಷ್ಟಕ್ಕೆ ಪಿ/ಇ ಎಲ್ಲಿಂದ ಬರಬೇಕು? ಷೇರಿನ ಬೆಲೆ ಸುಮಾರು ₹250. ಹಿಂದಿನ ಹತ್ತು ವರ್ಷದ ಷೇರುವಾರು ಗಳಿಕೆಯನ್ನು, 2014ರಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರು ಒಂದು ರೂಪಾಯಿಯದ್ದಾಗಿ ಒಡೆದದ್ದನ್ನು ಗಮನಿಸಿ, ನಷ್ಟದ ವರ್ಷವನ್ನೂ ಸೇರಿಸಿ ಕೂಡಿದರೆ ಸರಾಸರಿ ₹13 ಚಿಲ್ಲರೆ. ₹250 ಅದರ ಹತ್ತೊಂಬತ್ತು ಪಟ್ಟು. ಹಣದುಬ್ಬರ ಸೇರಿಸಿದರೆ ಇನ್ನೂ ಕಡಿಮೆ. ಎಲ್ಲರೂ ಮೂಗು ಮುಚ್ಚಿಕೊಂಡಿದ್ದಾಗ ಈ ಲೆಕ್ಕ ಬ್ಯಾಂಕಿಗೆ ಬೆಲೆ ಕಟ್ಟಬಲ್ಲದ್ದಾಗಿತ್ತು.

ಅದೇ ಲೆಕ್ಕವನ್ನು 2025ರ ಮಾರ್ಚ್‌ಗೆ ಹಾಕೋಣ. ಷೇರುವಾರು ಗಳಿಕೆ 2015-16ರಲ್ಲಿ ₹12.98, ಮರುವರ್ಷ ₹13.43, ಆಮೇಲೆ ಮೈನಸ್ ₹7.67, ಆಮೇಲೆ 97 ಪೈಸೆ. ಅಲ್ಲಿಂದ ಏರುಗಾಲ: ₹16.23, ₹22.87, ₹35.49, ₹56.29, ₹68.44, ಕೊನೆಗೆ 2024-25ರಲ್ಲಿ ₹79.44. ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ 2015-16ರಲ್ಲಿ 124.7 ಇದ್ದದ್ದು 2024-25ರಲ್ಲಿ 192 ದಾಟಿತು. ಹಾಗಾಗಿ ಆಗಿನ ₹12.98 ಎಂದರೆ 2024-25ರ ಸುಮಾರು ₹20. ಆಗಿನ ನಷ್ಟವೂ ಹಾಗೆಯೇ ಉಬ್ಬಿ ಸುಮಾರು ₹11 ಆಗುತ್ತದೆ, ಅದನ್ನು ಮರೆಯಬೇಡ. ದೊಡ್ಡಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಕೂಡಿದ್ದಾನೆ, ಹತ್ತು ವರ್ಷದ ಸರಾಸರಿ ₹33.50ರ ಹತ್ತಿರ ಬಂತು. ಮಾರ್ಚ್ ಕೊನೆಯ ಬೆಲೆ ₹770 ಚಿಲ್ಲರೆ. ಭಾಗಿಸು: 23.

ಒಂದೇ ಷೇರು, ಒಂದೇ ದಿನ, ಒಂದೇ ಬೆಲೆ. ನಿನ್ನ ಆ್ಯಪ್‌ಗೆ 9.7, ಈ ಕ್ಯಾಲೆಂಡರಿಗೆ 23. ನಡುವೆ ಕೂತಿರುವುದು ಒಂದೇ ಪ್ರಶ್ನೆ: ಈ ₹79 ಬ್ಯಾಂಕಿನ ಮಾಮೂಲು ಗಳಿಕೆಯೋ, ಕೊಳೆರೋಗ ಬಾರದ ವರ್ಷದ ಗಳಿಕೆಯೋ? 2025ರ ಮಾರ್ಚ್‌ನಲ್ಲಿ ಎನ್‌ಪಿಎ ಶೇ 1.82ಕ್ಕೆ ಇಳಿದಿತ್ತು. ಅಷ್ಟು ಸ್ವಚ್ಛ ಪುಸ್ತಕ ಎಂದೆಂದಿಗೂ ಇರುತ್ತದೆ ಅಂತ ನಂಬುವವನು 9.7 ಹಿಡಿಯಲಿ.

ಹಾಗಂತ 23 ಹಿಡಿದುಕೊಂಡು "ದುಬಾರಿ" ಅಂತ ಹೊರಡಬೇಡ, ಅದೂ ಪೂರ್ತಿ ಸತ್ಯವಲ್ಲ. ಆ ಹತ್ತು ವರ್ಷದೊಳಗೆ ಸಿಕ್ಕಿಕೊಂಡ 2018ರ ನಷ್ಟ ಯಾವ ಕಾಲದ ಸಾಲದ್ದು? ಬಹುಪಾಲು ಈ ಹತ್ತು ವರ್ಷ ಶುರುವಾಗುವ ಮೊದಲೇ ಕೊಟ್ಟದ್ದು. ಆ ಸಾಲಗಳ ಮೇಲೆ ಬರೆದುಕೊಂಡ ಬಡ್ಡಿ ಹಿಂದಿನ ದಶಕದ ಲಾಭಕ್ಕೆ ಹೋಯಿತು, ಗುಂಡಿ ಮಾತ್ರ ಈ ದಶಕಕ್ಕೆ ಉಳಿಯಿತು. ಆ ಗುಂಡಿಯಿಂದ ಒಂದಿಷ್ಟು ವಾಪಸ್ಸೂ ಬಂದಿದೆ. ಎಸ್ಸಾರ್ ಸ್ಟೀಲ್‌ನ ದಿವಾಳಿ ಪ್ರಕರಣ 2019ರ ಡಿಸೆಂಬರಿನಲ್ಲಿ ಬಗೆಹರಿದಾಗ ಸಾಲ ಕೊಟ್ಟ ಬ್ಯಾಂಕುಗಳಿಗೆ ದೊಡ್ಡ ಮೊತ್ತ ಮರಳಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿ ತೆರಿಗೆಯ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿತು. ಹಳೆಯ ವರ್ಷಗಳ ಲಾಭ ಹೆಚ್ಚಿನ ತೆರಿಗೆ ಕಟ್ಟಿ ಉಳಿದದ್ದು, ಹೊಸದು ಕಡಿಮೆ ಕಟ್ಟಿ ಉಳಿದದ್ದು. ಆ ಹತ್ತು ವರ್ಷದೊಳಗೆ ಏನೇನು ಬಿದ್ದಿದೆ ಅಂತ ನೋಡದೆ ಸರಾಸರಿ ತೆಗೆಯುವವನಿಗೂ, ಒಂದೇ ಪಟ್ಟಿ ಹಿಡಿದು ತೋಟ ಕೊಳ್ಳುವವನಿಗೂ ದೊಡ್ಡಪ್ಪನ ಕಣ್ಣಿಗೆ ಅಷ್ಟೇನೂ ಅಂತರ ಕಾಣುವುದಿಲ್ಲ.

ಇನ್ನೊಂದು ಕಡೆ ಕಾಲು ಜಾರುವುದು ಷೇರಿನ ಸಂಖ್ಯೆಯಲ್ಲಿ. ಇದಕ್ಕೆ ಯೆಸ್ ಬ್ಯಾಂಕ್ ನೋಡು. 2015-16ರಲ್ಲಿ ತನ್ನ ಎನ್‌ಪಿಎ ₹749 ಕೋಟಿ ಅಂತ ಅದು ತೋರಿಸಿತು, ರಿಸರ್ವ್ ಬ್ಯಾಂಕ್ ತಪಾಸಣೆಗೆ ಸಿಕ್ಕಿದ್ದು ₹4,900 ಕೋಟಿಯ ಮೇಲೆ. ಆದರೂ 2017-18ರ ಲಾಭ ₹4,225 ಕೋಟಿ, ಷೇರಿಗೆ ₹18ರ ಮೇಲೆ. ಪೇಟೆ ತಲೆಯ ಮೇಲೆ ಹೊತ್ತು ಮೆರೆಸಿತು. 2020ರ ಮಾರ್ಚ್ 5ರ ರಾತ್ರಿ ನಿರ್ಬಂಧ ಬಂತು, ಠೇವಣಿದಾರರು ₹50,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಆ ವರ್ಷದ ನಷ್ಟ ₹16,418 ಕೋಟಿ. ಬ್ಯಾಂಕನ್ನು ಉಳಿಸಲು ಸ್ಟೇಟ್ ಬ್ಯಾಂಕ್ ಮೊದಲಾದವರು ₹10ಕ್ಕೊಂದರಂತೆ ಹೊಸ ಷೇರು ಕೊಂಡರು. 2018ರ ಮಾರ್ಚ್‌ನಲ್ಲಿ 230 ಕೋಟಿಯಷ್ಟಿದ್ದ ಷೇರುಗಳು ಈಗ 3,100 ಕೋಟಿ ಮೀರಿವೆ. ಹಳೆಯ ವಾರ್ಷಿಕ ವರದಿಯ ₹18 ಅನ್ನು ಇವತ್ತಿನ ಷೇರಿನ ಬೆಲೆಯ ಪಕ್ಕ ಇಟ್ಟರೆ ಬಿಟ್ಟಿಗೆ ಸಿಗುತ್ತಿದೆ ಅನಿಸೀತು. ಆದರೆ ಅದೇ ₹4,225 ಕೋಟಿಯನ್ನು ಇವತ್ತಿನ ಷೇರುಗಳಿಗೆ ಹಂಚಿದರೆ ಒಂದಕ್ಕೆ ₹1.35 ಮಾತ್ರ. ಅದಕ್ಕೇ ಬ್ಯಾಂಕಿನ ವಿಷಯದಲ್ಲಿ ಷೇರುವಾರು ಗಳಿಕೆಯನ್ನು ಹಾಗೇ ಎತ್ತಿಕೊಳ್ಳಬೇಡ. ಆಯಾ ವರ್ಷದ ಒಟ್ಟು ಲಾಭ ತಗೋ, ಬೆಲೆ ಸೂಚ್ಯಂಕದಿಂದ ಈಗಿನ ರೂಪಾಯಿಗೆ ತಾ, ಇವತ್ತಿನ ಷೇರುಗಳಿಂದ ಭಾಗಿಸು. ಸ್ಟೇಟ್ ಬ್ಯಾಂಕಿಗೆ ಇದರಿಂದ ಹೆಚ್ಚು ವ್ಯತ್ಯಾಸವಾಗದು. ಹಣದುಬ್ಬರ ಸೇರಿಸುವ ಮೊದಲು 2015-16ರ ₹12.98 ಸುಮಾರು ₹11 ಆಗುತ್ತದೆ, ಅಷ್ಟೇ.

ಎಚ್‌ಡಿಎಫ್‌ಸಿ ಬ್ಯಾಂಕಿನಂಥದ್ದಕ್ಕೆ ಈ ಅಳತೆಗೋಲೇ ಗಿಡ್ಡ. ವರ್ಷ ವರ್ಷ ಶೇ 20ರ ಆಸುಪಾಸಿನಲ್ಲಿ ಬೆಳೆಯುತ್ತ ಬಂದ ಲಾಭಕ್ಕೆ ಹತ್ತು ವರ್ಷದ ಸರಾಸರಿ ಎಂದರೆ ಹೈಸ್ಕೂಲು ಹುಡುಗನಿಗೆ ಬಾಲವಾಡಿಯ ಅಂಗಿ. ಎರಡು ದಶಕ ಅದನ್ನು ದುಬಾರಿ ದುಬಾರಿ ಅಂತ ದೂರ ಇಟ್ಟವರಲ್ಲಿ ನಿನ್ನ ದೊಡ್ಡಪ್ಪನೂ ಒಬ್ಬ. ದೊಡ್ಡಮ್ಮ ಈಗಲೂ ನೆನಪಿಸುತ್ತಾಳೆ.

ಹೊತ್ತು ಹೇಳುವ ಶಕ್ತಿಯೂ ಈ ಲೆಕ್ಕಕ್ಕಿಲ್ಲ. 1996ರ ಡಿಸೆಂಬರ್ ಆರಂಭದಲ್ಲಿ ಕ್ಯಾಂಪ್‌ಬೆಲ್, ಶಿಲ್ಲರ್ ಅಮೆರಿಕದ ಫೆಡರಲ್ ರಿಸರ್ವ್ ಮುಂದೆ ಪೇಟೆ ಅತಿಯಾಗಿದೆ ಎಂದು ವಾದಿಸಿದರು. ಎರಡೇ ದಿನಕ್ಕೆ ಅದರ ಅಧ್ಯಕ್ಷ ಗ್ರೀನ್‌ಸ್ಪಾನ್ ಕೂಡ ಭಾಷಣವೊಂದರಲ್ಲಿ ಅತಿ ಉತ್ಸಾಹದ ಮಾತೆತ್ತಿದರು. ಪೇಟೆ ಕೇಳಿಸಿಕೊಂಡಿತೇ? 2000ದ ಮಾರ್ಚ್‌ವರೆಗೆ ಏರುತ್ತಲೇ ಹೋಯಿತು, ಆಮೇಲೆ ಮುರಿದುಬಿತ್ತು. ನಮ್ಮಲ್ಲೂ ಹಾಗೇ. 2018ರಲ್ಲಿ ₹250ಕ್ಕೆ ಸ್ಟೇಟ್ ಬ್ಯಾಂಕ್ ಅಗ್ಗ ಅಂತ ಕೊಂಡವನು 2020ರ ಮೇನಲ್ಲಿ, ಕೊರೋನಾ ಲಾಕ್‌ಡೌನ್ ನಡುವೆ, ಅದನ್ನು ₹150ರ ಸುಮಾರಿನಲ್ಲಿ ನೋಡಬೇಕಾಯಿತು. ಆಗ ಮಾರಿ ಹೊರಬಂದವರು ಎಷ್ಟೋ ಮಂದಿ. ನಿನ್ನ ದುಡ್ಡು ಮನೆ ಅಡ್ವಾನ್ಸಿಗೆ ಇಟ್ಟದ್ದೋ, ಹತ್ತು ವರ್ಷ ಮುಟ್ಟದೆ ಬಿಡಬಲ್ಲದ್ದೋ ಅನ್ನುವುದನ್ನು ಆ್ಯಪ್ ಕೇಳುವುದಿಲ್ಲ, ದೊಡ್ಡಪ್ಪ ಕೇಳುತ್ತಾನೆ. ಫೋನಿನಲ್ಲಿ ಹೇಳು.

ಕ್ಯಾಲೆಂಡರಿನ ಆ ಹಾಳೆಯನ್ನು ಮಡಿಚಿ ಇದರ ಜೊತೆ ಇಟ್ಟಿದೆ. ಐದು ಕಾಲಂ ಇವೆ: ವರ್ಷ, ಲಾಭ, ಸೂಚ್ಯಂಕ, ಈಗಿನ ರೂಪಾಯಿಯಲ್ಲಿ ಲಾಭ. ಐದನೆಯದು ಖಾಲಿ. ಅದಕ್ಕೆ ಕಾರಣವಿದೆ. ದೊಡ್ಡಪ್ಪ ಹಾಕಿದ್ದೆಲ್ಲ ಸ್ಟೇಟ್ ಬ್ಯಾಂಕ್ ಒಂದರದೇ ಲೆಕ್ಕ. ಆದರೆ 2017ರ ಏಪ್ರಿಲ್ 1ರಂದು ಅದರ ಐದು ಸಹವರ್ತಿ ಬ್ಯಾಂಕುಗಳು ಅದರಲ್ಲಿ ಕರಗಿದವು. ಅದರಲ್ಲೊಂದು 1913ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ನಮ್ಮ ಮೈಸೂರು ಬ್ಯಾಂಕ್. ಬೆಂಗಳೂರಿನ ಮೈಸೂರು ಬ್ಯಾಂಕ್ ಸರ್ಕಲ್‌ನಲ್ಲಿ ನೀನು ಬಸ್ಸಿಗೆ ಕಾಯುತ್ತೀಯಲ್ಲ, ಅದೇ. ಹಾಗಾಗಿ ವಿಲೀನಕ್ಕೆ ಮೊದಲಿನ ಎರಡು ವರ್ಷದ ಲಾಭ ಒಂದು ಸಂಸಾರದ್ದು, ಆಮೇಲಿನದು ಕೂಡು ಕುಟುಂಬದ್ದು. ವಾರ್ಷಿಕ ವರದಿಯ ಹಿಂದಿನ ಪುಟಗಳಲ್ಲಿ, ಸಹವರ್ತಿಗಳನ್ನೂ ಸೇರಿಸಿದ ಕ್ರೋಡೀಕೃತ ಲೆಕ್ಕಪತ್ರ ಇರುತ್ತದೆ. ಅಕ್ಷರ ಸಣ್ಣದು, ಈ ಕನ್ನಡಕಕ್ಕೆ ಕಾಣುವುದಿಲ್ಲ. ಹತ್ತೂ ವರ್ಷದ್ದನ್ನು ಅಲ್ಲಿಂದ ತೆಗೆದು ಐದನೇ ಕಾಲಂ ತುಂಬಿಕೊಂಡು ದೀಪಾವಳಿಗೆ ಬಾ. ಅಷ್ಟರಲ್ಲಿ ಇಲ್ಲಿ ಕೊನೆಕೊಯ್ಲೂ ಶುರುವಾಗಿರುತ್ತದೆ, ಅಡಿಕೆ ಸುಲಿಯಲು ಒಂದು ಕೈ ಹೆಚ್ಚಿಗೆ ಸಿಕ್ಕ ಹಾಗಾಯಿತು.

ಇತಿ,
ನಿನ್ನ ದೊಡ್ಡಪ್ಪ